ಮೇಷ್ಟ್ರ ಬಲಗೈ

ಮೇಷ್ಟ್ರ ಬಾಯಿ ಸೊಟ್ಟಗಾದದ್ದು ಬೆಳಗಿನ ಗಂಜಿ ಕುಡಿಯುವ ಹೊತ್ತಿಗೆ. ಚಮಚ ಬಲಗೈಯಿಂದ ಜಾರಿ ಬಟ್ಟಲಿಗೆ ಬಿತ್ತು. ಬಾಯಲ್ಲಿದ್ದ ಗಂಜಿ ತುಟಿಯ ಬಲತುದಿಯಿಂದ ಇಳಿದು ಗಡ್ಡ ಸೇರಿತು. ಎದುರಿಗೆ ಕೂತಿದ್ದ ಒಂಬತ್ತು ವರ್ಷದ ಮೊಮ್ಮಗಳು, ತಾತ ಅಣಕ ಮಾಡುತ್ತಿದ್ದಾನೆ ಅಂದುಕೊಂಡು ಕಿಸಕ್ಕನೆ ನಕ್ಕಳು. ಮೇಷ್ಟ್ರು ಏನೋ ಹೇಳಲು ಹೋದರು. ಬಂದದ್ದು ಮಾತಲ್ಲ, ಬರಿಯ ಸದ್ದು.

ಒಲೆಯ ಮುಂದಿದ್ದ ಸೊಸೆ ಓಡಿ ಬಂದು ಅವರ ಭುಜ ಹಿಡಿದುಕೊಂಡಳು. "ಅತ್ತೆ, ಇವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಈಗ್ಲೇ."

"ಆಸ್ಪತ್ರೆಗಾ?" ಅತ್ತೆಗೆ ಆ ಮಾತು ಬೈಗುಳದ ಹಾಗೆ ಕೇಳಿಸಿತು. "ಊರೆಲ್ಲ ಇವರ ಹತ್ರ ಬರುತ್ತೆ. ಇವರು ಯಾರ ಬಾಗಿಲಿಗೆ ಹೋಗ್ಬೇಕೆ? ಒತ್ತು. ನಿಂಗೆ ಹೇಳಿಕೊಟ್ಟಿಲ್ವಾ? ಕಿವಿ ಹಿಂದೆ, ಹೆಬ್ಬೆರಳ ಬುಡ, ಮೊಣಕಾಲ ಕೆಳಗೆ. ಕೂತ್ಕೊಂಡು ಒತ್ತು."

"ಆದ್ರೆ ಅತ್ತೆ..."

"ಒತ್ತು ಅಂದೆ."

ಸೊಸೆ ಒತ್ತಿದಳು. ಅತ್ತೆ ಬೇರುಗಳನ್ನು ಕುದಿಸಿ ಕಷಾಯ ಮಾಡಿದರು. ಕುಡಿಸಿದ್ದರಲ್ಲಿ ಮುಕ್ಕಾಲು ಪಾಲು ಅಂಗಿಯ ಮೇಲೆ ಹರಿಯಿತು. ಒತ್ತಿ ಒತ್ತಿ ಸೊಸೆಯ ಹೆಬ್ಬೆರಳು ಮರಗಟ್ಟಿದರೂ ಆ ಬಲಗೈ ಮಿಸುಕಲಿಲ್ಲ. ಮಧ್ಯಾಹ್ನ ಬೇಕರಿಯ ವ್ಯಾನ್ ಓಡಿಸುವ ಮಗ ಊಟಕ್ಕೆ ಬಂದವನು ಅಪ್ಪನನ್ನು ನೋಡಿದ. ಒಂದು ಮಾತೂ ಆಡದೆ ಎತ್ತಿಕೊಂಡು ಹೋಗಿ ಬ್ರೆಡ್ ಟ್ರೇಗಳ ನಡುವೆ ಮಲಗಿಸಿದ.

ಆಸ್ಪತ್ರೆಯಲ್ಲಿ ಡಾಕ್ಟರು ಗಡಿಯಾರ ನೋಡಿ ಕೇಳಿದರು: "ಬೆಳಿಗ್ಗೆಯೇ ತಂದಿದ್ರೆ ಇಂಜೆಕ್ಷನ್ ಕೊಡಬಹುದಿತ್ತು. ಇಷ್ಟೊತ್ತು ಏನ್ ಮಾಡ್ತಿದ್ರಿ?"

ಮಗ ತಿರುಗಿ ಹೆಂಡತಿಯನ್ನು ನೋಡಿದ. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿಬಿಟ್ಟರು: "ನಿಮ್ಮಪ್ಪನೇ ಬೇಡ ಅಂದ್ರು ಕಣೋ. ಆಸ್ಪತ್ರೆ ಬೇಡ ಅಂತ ಹಟ ಹಿಡಿದ್ರು."

ಸೊಸೆ ತಲೆ ತಗ್ಗಿಸಿದಳು.

"ಗೊತ್ತಿತ್ತು ಬಿಡು," ಎಂದ ಮಗ. "ನನ್ನ ಮೊಣಕಾಲಿಗೂ ಇದೇ ಮನುಷ್ಯ ಇದನ್ನೇ ಮಾಡಿದ್ದು."

ಅದು ಹಳೆಯ ಕತೆ. ಅವನಿಗೆ ಹದಿನೇಳಾಗಿದ್ದಾಗ, ಅಪ್ಪ ಕಲಿಸಿದ ವರಸೆಗಳ ಪಂದ್ಯಕ್ಕೆ ಹತ್ತು ದಿನ ಇರುವಾಗ, ಎಡ ಮೊಣಕಾಲು ತಿರುಚಿತ್ತು. ಮೇಷ್ಟ್ರು ಲೇಪ ಹಚ್ಚಿ, ಪಟ್ಟಿ ಬಿಗಿದು, ಮಗನನ್ನು ಮತ್ತೆ ಮಂಡಿ ಬಗ್ಗಿಸುವ ಕುದುರೆ ನಿಲುವಿನಲ್ಲಿ ನಿಲ್ಲಿಸಿದ್ದರು. ಕೀಲಿನೊಳಗಿನ ಕಟ್ಟು ಹರಿದಿದೆ ಎಂದು ಗೊತ್ತಾಗುವ ಹೊತ್ತಿಗೆ ವರ್ಷ ಕಳೆದಿತ್ತು. ಆಮೇಲೆ ಅವನು ಅಪ್ಪನ ಶಾಲೆಯೊಳಗೆ ಕಾಲಿಡಲಿಲ್ಲ. ಇಡಬೇಕೆಂದರೂ ಒಂದು ಕಾಲು ಎಳೆಯುತ್ತಿತ್ತು.

ಮೇಷ್ಟ್ರ ಶಾಲೆಯೆಂದರೆ ಮುನಿಸಿಪಾಲಿಟಿಯ ಹಳೆಯ ಗೋದಾಮು. ಎತ್ತರದ ಕಿಟಕಿಗಳು, ಸವೆದು ನುಣುಪಾದ ಹಲಗೆಯ ನೆಲ, ಮೂಲೆಯಲ್ಲಿ ಚಿಕಿತ್ಸೆಯ ಕೋಣೆ, ಹಿಂದೆ ಮನೆಯವರಿಗೆ ಎರಡು ರೂಮು. ಹರೆಯದಲ್ಲಿ ಬಂದರಿನಲ್ಲಿ ಮೂಟೆ ಹೊರುತ್ತಿದ್ದಾಗ, ಹಡಗಿನಿಂದಿಳಿದು ಅಲ್ಲೇ ಉಳಿದುಹೋಗಿದ್ದ ಒಬ್ಬ ಚೀನೀ ಮುದುಕನಿಂದ ಅವರು ಎರಡು ವಿದ್ಯೆ ಕಲಿತಿದ್ದರು: ಹೊಡೆಯುವುದು, ಹೊಡೆಸಿಕೊಂಡದ್ದನ್ನು ವಾಸಿಮಾಡುವುದು. ನಲವತ್ತು ವರ್ಷ ಆ ಎರಡನ್ನೂ ಅಲ್ಲೇ ಕಲಿಸಿದರು. ನೂರೆಂಟು ವರಸೆಗಳ ಆ ನಿಧಾನದ ಆಟವನ್ನು ಕಲಿಯಲು ಮಕ್ಕಳು ಬರುತ್ತಿದ್ದರು, ಬೆನ್ನುನೋವಿನ ಟೈಲರುಗಳು ಬರುತ್ತಿದ್ದರು, ನಿವೃತ್ತ ಪೊಲೀಸರು ಬರುತ್ತಿದ್ದರು.

ಮೇಷ್ಟ್ರು ಆಸ್ಪತ್ರೆಯಿಂದ ಮನೆಗೆ ಬಂದ ಎರಡನೇ ವಾರ ಮುನಿಸಿಪಾಲಿಟಿಯ ಕಾಗದ ಬಂತು. ಶಾಲೆಯಲ್ಲಿ ವರಸೆ ಶಿಕ್ಷಕರ ಒಕ್ಕೂಟದ ಪರೀಕ್ಷೆ ಪಾಸಾದ ಶಿಕ್ಷಕರು ಇರತಕ್ಕದ್ದು, ಈಗಿನ ಶಿಕ್ಷಕರು ಅಶಕ್ತರಾಗಿರುವುದು ತಿಳಿದುಬಂದಿದೆ, ನಾಲ್ಕು ತಿಂಗಳೊಳಗೆ ಬೇರೆ ಶಿಕ್ಷಕರನ್ನು ತೋರಿಸದಿದ್ದಲ್ಲಿ ಕಟ್ಟಡವನ್ನು ಹಿಂದಕ್ಕೆ ಪಡೆಯಲಾಗುವುದು. ಕಟ್ಟಡ ಅಂದರೆ ಹಿಂದಿನ ಎರಡು ರೂಮೂ ಸೇರಿ.

ಸಂಜೆ ಊಟಕ್ಕೆ ಕೂತಾಗ ಮಗ ಕಾಗದವನ್ನು ಮಡಿಸಿ ನೀರಿನ ಲೋಟದ ಕೆಳಗಿಟ್ಟ. "ಖಾಲಿ ಮಾಡೋಣ. ಬೇಕರಿ ಹಿಂದೆ ಒಂದು ರೂಮಿದೆ, ಕೊಡ್ತಾರೆ."

"ಒಂದು ರೂಮಲ್ಲಿ ಐದು ಜನಾನಾ?" ಅತ್ತೆ ಮೇಷ್ಟ್ರ ಬಾಯಿಗೆ ಚಮಚ ಹಿಡಿಯುತ್ತಲೇ ಹೇಳಿದರು. "ನಿಮ್ಮಪ್ಪನ್ನ ಎಲ್ಲಿ ಮಲಗಿಸ್ತೀಯೋ, ಒಲೆ ಮೇಲಾ?"

"ಮತ್ತೇನ್ ಮಾಡ್ಲಿ? ದೊಡ್ಡ ದೊಡ್ಡ ಶಿಷ್ಯಂದಿರಿದ್ರಲ್ಲ, ಒಬ್ರಾದ್ರೂ ಬಂದ್ರಾ? ಎಲ್ರೂ ಸ್ವಂತ ಅಂಗಡಿ ತೆಗೆದು ಕೂತಿದ್ದಾರೆ."

"ನಾನು ಪರೀಕ್ಷೆ ತಗೋತೀನಿ," ಎಂದಳು ಸೊಸೆ.

ಆಲೂಗಡ್ಡೆ ಸುಲಿಯುತ್ತಿದ್ದ ಮಗಳು ಕೈ ನಿಲ್ಲಿಸಿ ಅಮ್ಮನ ಮುಖ ನೋಡಿದಳು. ಗಂಡ ನಕ್ಕ.

"ಕುಂಟನಿಗೆ ಎಂಟು ಚೇಷ್ಟೆ ಅಂತಾರೆ. ಈ ಮನೇಲಿ ಕುಂಟ ನಾನು, ಚೇಷ್ಟೆ ನಿಂದಾ?"

"ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ ರೀ. ನೂರೆಂಟೂ ಗೊತ್ತು."

"ನೋಡೋದಕ್ಕೂ ಮಾಡೋದಕ್ಕೂ ವ್ಯತ್ಯಾಸ ಇಲ್ವಾ? ನಾನೂ ದಿನಾ ಕೇಕ್ ನೋಡ್ತೀನಿ."

ದಬ್ ಎಂದು ಸದ್ದಾಯಿತು. ಮೇಷ್ಟ್ರು ಎಡಗೈಯಿಂದ ಮೇಜು ಗುದ್ದಿದ್ದರು. ಸೊಸೆಯ ಮೇಲೆ ಕಣ್ಣು ನೆಟ್ಟು, ಅರ್ಧ ಬಾಯಲ್ಲಿ, "ಹೂಂ" ಎಂದರು.

ನೋಡಿದ್ದಷ್ಟೇ ಅಲ್ಲ, ಅವಳು ಮಾಡಿಯೂ ಇದ್ದಳು. ಮದುವೆಯಾಗಿ ಬಂದ ವರ್ಷವೇ ಮುಂಜಾನೆ ಹಿತ್ತಲಲ್ಲಿ, ಒಣಹಾಕಿದ ಬೆಡ್‌ಶೀಟುಗಳ ಮರೆಯಲ್ಲಿ, ಹಿಂದಿನ ದಿನ ಕಿಟಕಿಯಿಂದ ಕಂಡದ್ದನ್ನು ಮಾಡಿ ನೋಡುತ್ತಿದ್ದಳು. ಒಂದು ದಿನ ಮೇಷ್ಟ್ರು ಬೆಡ್‌ಶೀಟು ಸರಿಸಿ ನೋಡಿದರು, ಏನೂ ಹೇಳದೆ ಹೋದರು. ಮರುದಿನದಿಂದ ಪಾಠ ಮಾಡುವಾಗ ಅವರು ಕಿಟಕಿಯ ಕಡೆ ಮುಖ ಮಾಡಿ ನಿಲ್ಲತೊಡಗಿದರು. ಚಿಕಿತ್ಸೆಯ ಕೋಣೆಯಲ್ಲಿ ಬಟ್ಟೆ ಮಡಿಸಲು, ಎಣ್ಣೆ ಕಾಯಿಸಲು ಕರೆದು, ಯಾವ ಬಿಂದು ಯಾತಕ್ಕೆ ಎಂದು ರೋಗಿಗೆ ಹೇಳುವ ನೆಪದಲ್ಲಿ ಅವಳಿಗೆ ಹೇಳಿಕೊಟ್ಟರು. ಅವರನ್ನು ಬಾಯಿ ತುಂಬ ಗುರುಗಳೇ ಎನ್ನುವ ಭಾಗ್ಯ ಅವಳಿಗಿರಲಿಲ್ಲ, ಮಾವ ಎನ್ನುತ್ತಿದ್ದಳು. ಎರಡೂ ಒಂದೇ ಆಗಿತ್ತು.

ಪರೀಕ್ಷೆಗೆ ಏಳು ವಾರ ಇತ್ತು.

ಸೊಸೆ ನಾಲ್ಕೂವರೆಗೆ ಏಳತೊಡಗಿದಳು. ಒಲೆ ಹಚ್ಚಿ ಗಂಜಿಗಿಟ್ಟು, ಮಾವನ ಬಟ್ಟೆ ಬದಲಿಸಿ, ಒದ್ದೆ ಹಾಸಿಗೆ ತೆಗೆದು ನೆನೆಹಾಕಿ, ಅವರನ್ನು ಕುರ್ಚಿ ಸಮೇತ ಶಾಲೆಯೊಳಗೆ ಎಳೆದು ತರುವಳು. ಮಾವ ಎಡಗೈಯಿಂದ ತೋರಿಸುವರು. ಬಲಗೈ ತೊಡೆಯ ಮೇಲೆ ಯಾರೋ ಮರೆತುಹೋದ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ಅವರಿಗೆ ಉಳಿದಿದ್ದ ಮಾತು ಮೂರು: ಹೂಂ, ಬೇಡ, ಮತ್ತೆ. ಆ ಏಳು ವಾರದಲ್ಲಿ ಹೂಂ ಎನ್ನುವುದನ್ನು ಅವಳು ಎರಡು ಸಲ ಕೇಳಿದಳು. ಉಳಿದದ್ದೆಲ್ಲ ಮತ್ತೆ, ಮತ್ತೆ, ಮತ್ತೆ.

ಏಳಕ್ಕೆ ಅತ್ತೆ ಬಾಗಿಲಲ್ಲಿ ನಿಲ್ಲುವರು. "ನಿನ್ನ ಕುಣಿತ ಮುಗೀತಾ? ಇವರ ಕೈ ಒತ್ತೋದು ಯಾವಾಗ?"

"ಆಸ್ಪತ್ರೆಯವರು ವ್ಯಾಯಾಮ ಹೇಳಿದ್ದಾರೆ ಅತ್ತೆ. ಅದನ್ನ ಮಾಡಿಸ್ತೀನಿ."

"ಅದನ್ನೂ ಮಾಡು, ಇದನ್ನೂ ಮಾಡು. ಎಷ್ಟು ಜನರ ಕೈ ವಾಸಿಮಾಡಿದ ಮನುಷ್ಯ! ತನ್ನದೊಂದು ಕೈ ಬರದೆ ಹೋಗುತ್ತಾ?"

ಸೊಸೆ ಒಂದು ಗಂಟೆ ಒತ್ತುವಳು. ಆಮೇಲೆ ಮಗಳಿಗೆ ಜಡೆ, ಶಾಲೆಯ ಡಬ್ಬಿ, ಬಟ್ಟೆ, ಪಾತ್ರೆ. ಸಂಜೆ ಉಳಿದ ಶಿಷ್ಯರು ಬರುವರು. ಹಳೆಯ ಶಿಷ್ಯನೊಬ್ಬ, ವಾಚ್ ರಿಪೇರಿಯವನು, ಅವರನ್ನು ಹೇಗೋ ಸಂಭಾಳಿಸುತ್ತಿದ್ದ. ಮೂವತ್ತೆಂಟು ಜನ ಇದ್ದದ್ದು ಇಪ್ಪತ್ತಾಯಿತು, ಹದಿಮೂರಾಯಿತು.

ಒಂದು ಭಾನುವಾರ ಮಧ್ಯಾಹ್ನ ಮಗಳು ಅಡುಗೆಮನೆಯಲ್ಲಿ ಅಮ್ಮನ ಅಣಕ ಮಾಡಿದಳು. "ಅಮ್ಮ ಹೇಗ್ ಮಾಡ್ತಾಳೆ ಗೊತ್ತಾ?" ಎಂದು ಗಂಭೀರವಾಗಿ ಮಂಡಿ ಬಗ್ಗಿಸಿ, ಎಡಗೈಯನ್ನು ಚೆಂದವಾಗಿ ಗಾಳಿಯಲ್ಲಿ ತೇಲಿಸಿ, ಬಲಗೈಯನ್ನು ಸತ್ತ ಮೀನಿನ ಹಾಗೆ ನೇತಾಡಿಸಿದಳು. ಅತ್ತೆ ಕೂಡ ಸೆರಗು ಬಾಯಿಗಿಟ್ಟು ನಕ್ಕರು. ಸೊಸೆಯೂ ನಕ್ಕಳು. ಬಾಗಿಲಲ್ಲಿ ಬ್ರೆಡ್ಡಿನ ಕಟ್ಟು ಹಿಡಿದು ನಿಂತಿದ್ದ ಗಂಡ ಮಾತ್ರ ನಗದೆ ಒಂದು ಕ್ಷಣ ನೋಡಿ, ಕಟ್ಟನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಪರೀಕ್ಷೆ ನಡೆದದ್ದು ನಗರದ ಇನ್ನೊಂದು ತುದಿಯ ಶಾಲೆಯ ಸಭಾಂಗಣದಲ್ಲಿ. ಮೂವರು ಪರೀಕ್ಷಕರು. ನಡುವೆ ಕೂತಿದ್ದವಳು ಬಿಳಿ ಕ್ರಾಪಿನ ಮುದುಕಿ, ಕಾಲಲ್ಲಿ ಹತ್ತಿಯ ಕರಿ ಬೂಟು. ಸೊಸೆ ನೂರೆಂಟನ್ನೂ ಮಾಡಿದಳು. ಒಂದು ಹೆಜ್ಜೆ ತಪ್ಪಲಿಲ್ಲ, ಒಂದು ಉಸಿರು ತಪ್ಪಲಿಲ್ಲ. ಕೊನೆಯ ವರಸೆ ಮುಗಿಸಿ ನಿಂತಾಗ ಇದು ಆಯಿತು ಎಂದೇ ಅವಳಿಗೆ ಅನ್ನಿಸಿತು.

"ಯಾರ ಹತ್ರ ಕಲಿತ್ರಿ?" ಮುದುಕಿ ಕೇಳಿದಳು.

"ನಮ್ಮ ಮಾವನ ಹತ್ರ."

"ಅವರ ಬಲಗೈ ಬಿದ್ದು ಎಷ್ಟು ದಿನ ಆಯ್ತು?"

ಸೊಸೆ ಸರಕ್ಕನೆ ತಲೆಯೆತ್ತಿದಳು. ಅರ್ಜಿಯಲ್ಲಿ ಅವಳು ಅದನ್ನು ಬರೆದಿರಲಿಲ್ಲ. ಅಲ್ಲಿ ಯಾರಿಗೂ ಹೇಳಿರಲಿಲ್ಲ. "ಎರಡು ತಿಂಗಳು. ನಿಮಗೆ ಹೇಗೆ..."

"ನಿಮ್ಮ ಕೈ ಹೇಳ್ತಲ್ಲಮ್ಮ." ಮುದುಕಿ ಎದ್ದು ಬಂದು ಅವಳ ಬಲ ಮಣಿಕಟ್ಟನ್ನು ಎರಡು ಬೆರಳಿನಲ್ಲಿ ಎತ್ತಿ, ಬಿಟ್ಟಳು. ಅದು ಬಿತ್ತು. "ಇಟ್ಟ ಜಾಗ ಎಲ್ಲ ಸರಿ. ಆದ್ರೆ ಅಲ್ಲಿ ಯಾರೂ ಇಲ್ಲ. ಈಚೆಗೆ ಬರೀ ಎಡಗೈ ನೋಡಿ ತಿದ್ದಿಕೊಂಡಿದ್ದೀರಿ. ಬಲಗೈಗೆ ಗುರು ಇಲ್ಲ. ಹೀಗೇ ಮೂವತ್ತು ಜನಕ್ಕೆ ಹೇಳಿಕೊಟ್ರೆ ಮೂವತ್ತು ಜನಕ್ಕೂ ಲಕ್ವ ಹೊಡೆಸ್ತೀರಿ."

ವರಸೆಯಲ್ಲೇ ತೇರ್ಗಡೆಯಾಗದ ಮೇಲೆ ಚಿಕಿತ್ಸೆಯ ಪರೀಕ್ಷೆ ನಡೆಯಲೇ ಇಲ್ಲ. ಆರು ವಾರದ ನಂತರ ಮರುಪರೀಕ್ಷೆ, ಅದೇ ಕೊನೆ ಎಂದು ಗುಮಾಸ್ತ ಚೀಟಿ ಕೊಟ್ಟ.

ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಅತ್ತೆ ಅಂದು ಮೊಟ್ಟೆ ಬೇಯಿಸಿದ್ದರು. ಸೊಸೆ ಚಪ್ಪಲಿ ಬಿಡುವ ಮೊದಲೇ ಮಗಳು ಕೇಳಿದಳು: "ಅಮ್ಮ, ಪಾಸಾ?"

ಸೊಸೆಗೆ ಸುಳ್ಳು ಹೇಳುವ ಶಕ್ತಿಯೂ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಮಾವ ಕುರ್ಚಿಯಲ್ಲಿ ಕೇಳಿಸಿಕೊಂಡರು. ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ತೊಡೆಯ ಮೇಲಿನ ತಮ್ಮ ಬಲಗೈಯನ್ನು ನೋಡಿದರು.

ಗಂಡ ಕೂತಲ್ಲಿಂದ ಎದ್ದ. "ಸಂತೋಷ ಆಯ್ತಾ ಅಪ್ಪ? ನಂಗೆ ಕಾಲು ಕೊಟ್ಟೆ, ಇವಳಿಗೆ ಕೈ ಕೊಟ್ಟೆ. ಇನ್ನು ಮೊಮ್ಮಗಳು ಒಬ್ಳು ಉಳಿದಿದ್ದಾಳೆ, ಅವಳಿಗೇನು ಇಟ್ಟಿದ್ದೀಯ?"

"ಬಾಯಿ ಮುಚ್ಚೋ!" ಅತ್ತೆ ಚೀರಿದರು.

"ಯಾಕ್ ಮುಚ್ಲಿ? ಅವತ್ತು ಆಸ್ಪತ್ರೆಗೆ ಬರ್ತೀನಿ ಅಂದಿದ್ರೆ ಈ ಕೈ ಉಳೀತಿತ್ತು. ಹಟ! ಜೀವಮಾನ ಪೂರ್ತಿ ಹಟ! ಅದನ್ನ ನಾವು ಬಳೀತಾ ಇದ್ದೀವಿ."

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಮೊಟ್ಟೆಯ ಸಿಪ್ಪೆ ಬಿಡಿಸುವುದರಲ್ಲಿ ಮುಳುಗಿದ್ದರು. ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬರುತ್ತಿತ್ತು.

"ಇವರಿಗೆ ಈಗ ಯಾಕ್ರೀ ಅದೆಲ್ಲ," ಎಂದಷ್ಟೇ ಹೇಳಿದಳು ಸೊಸೆ.

ಮರುದಿನದಿಂದ ಮೇಷ್ಟ್ರು ಊಟ ಬಿಟ್ಟರು. ಚಮಚ ಹತ್ತಿರ ತಂದರೆ ಹಲ್ಲು ಕಚ್ಚಿ, "ಬೇಡ." ಅತ್ತೆ ಬೈದರು, ಅತ್ತರು, ಹೊಸದಾಗಿ ಮದುವೆಯಾದವರ ಹಾಗೆ ಗೋಗರೆದರು. ಮೊಮ್ಮಗಳು ತನ್ನ ಪಾಲಿನ ಬಿಸ್ಕತ್ತು ತಂದು ಹಿಡಿದಳು. "ಬೇಡ." ಎರಡನೇ ದಿನ ಸೊಸೆ ಮಾವನ ಕಾಲ ಬಳಿ ಕೂತು, "ಮಾವ, ನೀವೂ ಕೈಬಿಟ್ರೆ ನಾನು ಎಲ್ಲಿಗೆ ಹೋಗ್ಲಿ?" ಎಂದಳು. ಅವರು ಕಣ್ಣು ಮುಚ್ಚಿಕೊಂಡರು.

ಮೂರನೇ ದಿನ ಮಧ್ಯಾಹ್ನ ಸೊಸೆ ನೀರು ಹಿಡಿಯಲು ಹೋಗಿದ್ದಳು, ಅತ್ತೆಗೆ ಜೊಂಪು ಹತ್ತಿತ್ತು. ವ್ಯಾನ್ ನಿಲ್ಲಿಸಿ ಬಂದ ಗಂಡನಿಗೆ ಅಪ್ಪನ ಕುರ್ಚಿ ಖಾಲಿ ಕಂಡಿತು. ಶಾಲೆಯ ಬಾಗಿಲು ತೆರೆದಿತ್ತು. ಮೇಷ್ಟ್ರು ಹಲಗೆಯ ನೆಲದ ಮೇಲೆ ಬಿದ್ದಿದ್ದರು. ಅಲ್ಲಿಯವರೆಗೆ ತೆವಳಿಕೊಂಡು ಬಂದದ್ದಕ್ಕೆ ಮೊಣಕೈ ತರಚಿ ರಕ್ತ ಬಂದಿತ್ತು. ಮಲಗಿದ್ದಲ್ಲೇ ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದು, ಎತ್ತಿ, ಹಣೆಯ ಪಕ್ಕಕ್ಕೆ ತರುತ್ತಿದ್ದರು. ಬಿಡುತ್ತಿದ್ದರು, ಕೈ ಬೀಳುತ್ತಿತ್ತು. ಮತ್ತೆ ಹಿಡಿದು ಎತ್ತುತ್ತಿದ್ದರು. ಕೊಕ್ಕರೆ ರೆಕ್ಕೆ ಬಿಚ್ಚುವ ವರಸೆ ಅದು. ಅದರಲ್ಲಿ ಬಲಗೈ ಮೇಲೇಳಬೇಕು.

ಕೊಡ ಇಟ್ಟು ಓಡಿ ಬಂದ ಸೊಸೆಗೆ ಕಂಡದ್ದು, ಬಾಗಿಲಲ್ಲಿ ಕಲ್ಲಿನ ಹಾಗೆ ನಿಂತಿದ್ದ ಗಂಡ. ಇಪ್ಪತ್ತು ವರ್ಷ ದಾಟದ ಹೊಸ್ತಿಲನ್ನು ಅವನು ದಾಟಿದ. ಅಪ್ಪನನ್ನು ಎತ್ತಿ ತೊಡೆಯ ಮೇಲೆ ಒರಗಿಸಿಕೊಂಡ. ಮೇಷ್ಟ್ರು ಮಗನ ಮುಖ ನೋಡಿ, ತುಟಿ ಸೇರಿಸಲು ಒದ್ದಾಡಿ, ಹೊಸದೊಂದು ಮಾತು ತೆಗೆದರು.

"ತೋ... ರ್ಸು."

"ನಂಗೆ ಮರ್ತೋಗಿದೆ ಅಪ್ಪ."

"ತೋರ್ಸು."

"ಮರ್ತೋಗಿದೆ ಅಂದ್ನಲ್ಲ!" ಅವನು ಕೂಗಿದ. ಕೂಗುತ್ತ ಅಪ್ಪನ ಆ ತಣ್ಣನೆಯ ಬಲಗೈಯನ್ನು ತನ್ನೆರಡು ಅಂಗೈ ನಡುವೆ ಉಜ್ಜುತ್ತಿದ್ದ.

ಮರುದಿನ ಬೆಳಿಗ್ಗೆ ಐದಕ್ಕೆ ಅವನು ಹೆಂಡತಿಯನ್ನು ಎಬ್ಬಿಸಿದ. "ಏಳು. ಏಳಕ್ಕೆ ವ್ಯಾನ್ ತೆಗೀಬೇಕು. ಬೇಗ."

ಅವನ ಕಾಲು ಬಗ್ಗುತ್ತಿರಲಿಲ್ಲ. ಆದರೆ ಸೊಂಟದಿಂದ ಮೇಲೆ ಅವನು ಇನ್ನೂ ಹದಿನೇಳರ ಹುಡುಗನೇ ಆಗಿದ್ದ. ಬಲಗೈ ಏಳುತ್ತಿದ್ದರೆ ಅವಳು ಬೆರಗಾಗಿ ನೋಡಿದಳು. ಹನ್ನೊಂದು ವರ್ಷ ಜೊತೆಗೆ ಉಂಡು ಮಲಗಿದ ಮನುಷ್ಯನೊಳಗೆ ಇದು ಎಲ್ಲಿತ್ತು?

"ಎತ್ತಬೇಡ್ವೆ. ನೀನು ಎತ್ತುತ್ತಾ ಇದ್ದೀಯ," ಅವಳ ಮಣಿಕಟ್ಟಿನ ಕೆಳಗೆ ಅಂಗೈ ಇಟ್ಟು ಹೇಳಿದ. "ಕಲಸಿದ ಹಿಟ್ಟಿಂದ ಕೈ ಎಳ್ಕೋತೀಯಲ್ಲ, ಆಗ ಹಿಟ್ಟು ಬಿಡಲ್ಲ, ಹಿಡ್ಕೊಳ್ಳುತ್ತೆ ನೋಡು. ಹಾಗೆ. ಗಾಳಿ ನಿನ್ನ ಕೈ ಹಿಡ್ಕೊಂಡಿದೆ ಅನ್ಕೋ."

"ಆಗ್ತಿಲ್ಲ ರೀ."

"ಆಗಲ್ಲ. ಆಗೋತನಕ ಆಗಲ್ಲ. ಇನ್ನೊಂದ್ಸಲ."

"ಥೇಟ್ ನಿಮ್ಮಪ್ಪನ ಹಾಗೇ ಮಾತಾಡ್ತೀರಿ."

"ಹಾಗೆ ಅನ್ಬೇಡ," ಎಂದ. ಆದರೆ ಸಿಟ್ಟಿರಲಿಲ್ಲ. ಆ ಬೆಳಿಗ್ಗೆ ಮೇಷ್ಟ್ರು ಒಂದು ಬಟ್ಟಲು ಗಂಜಿ ಕುಡಿದರು.

ಮರುಪರೀಕ್ಷೆಗೆ ಹನ್ನೊಂದು ದಿನ ಇರುವಾಗ, ಮಧ್ಯಾಹ್ನದ ಊಟ ಮಾಡಿ ಮಲಗಿದ ಮೇಷ್ಟ್ರು ಏಳಲಿಲ್ಲ. ಒತ್ತಲು ಹೊತ್ತಿರಲಿಲ್ಲ, ಆಸ್ಪತ್ರೆಗೆ ಓಡಲು ಹೊತ್ತಿರಲಿಲ್ಲ. ಸೊಸೆ ಚಾದರ ಸರಿಪಡಿಸಲು ಹೋದವಳು ಮುಟ್ಟಿ ನೋಡಿದರೆ, ಆ ದಿನ ಮೊದಲ ಸಲ ಅವರ ಎರಡು ಕೈಯೂ ಒಂದೇ ಥರ ಇದ್ದವು.

ಮಣ್ಣು ಮಾಡಿ ಬಂದ ನಾಲ್ಕನೇ ದಿನ ಅತ್ತೆ ಅಡುಗೆಮನೆಯಲ್ಲಿ ಸೊಸೆಯನ್ನು ಅಡ್ಡಗಟ್ಟಿದರು. ಕಣ್ಣು ಬಾತುಕೊಂಡಿತ್ತು. "ನೀನು ಮನಸಿಟ್ಟು ಒತ್ಲಿಲ್ಲ. ನಿನ್ನ ಧ್ಯಾನವೆಲ್ಲ ಆ ಕಾಗದದ ಮೇಲಿತ್ತು. ಮನಸಿಟ್ಟು ಒತ್ತಿದ್ರೆ ಕೈ ಬರ್ತಿತ್ತು. ಕೈ ಬಂದಿದ್ರೆ ಅವರು ಬದುಕ್ತಿದ್ರು."

ಸೊಸೆಯ ಕೈಯಲ್ಲಿ ತೊಳೆಯುತ್ತಿದ್ದ ತಟ್ಟೆ ಇತ್ತು. ಅವಳು ಅದನ್ನು ಕೆಳಗಿಟ್ಟಳು. "ಅತ್ತೆ, ನಾನು ಇಷ್ಟು ದಿನ ಬಾಯಿ ಬಿಟ್ಟಿಲ್ಲ. ಬಿಡ್ಸಬೇಡಿ."

"ಏನ್ ಬಿಡ್ತೀಯೆ? ಏನ್ ಬಿಡ್ತೀಯ?"

ಹೊರಗೆ ವ್ಯಾನಿನ ಬಾಗಿಲು ಮುಚ್ಚಿದ ಸದ್ದಾಯಿತು. ಅತ್ತೆ ಮೂಗು ಒರೆಸಿಕೊಂಡು ಒಳಗೆ ಹೋದರು. ಆಮೇಲೆ ಒಂದು ವಾರ ಅತ್ತೆ ಸೊಸೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಮಧ್ಯೆ ಮೊಮ್ಮಗಳು ಓಡಾಡಬೇಕಾಯಿತು. ಸೊಸೆ ಬೆಳಿಗ್ಗೆ ಐದಕ್ಕೆ ಗಂಡನ ಜೊತೆ ಶಾಲೆಗೆ ಹೋಗುವಳು. ಕುರ್ಚಿ ಇದ್ದ ಕಡೆ ನೋಡದ ಹಾಗೆ ತಿರುಗಿ ನಿಲ್ಲುವಳು. ಗಂಡ ಕಲಿಸುತ್ತಲೇ ಒಂದು ದಿನ, "ಅವರು ಹಟ ಮಾಡದೆ ಇದ್ದಿದ್ರೆ... ಕೊನೆಗೂ ನಾನು ಅವರನ್ನ ಕ್ಷಮಿಸಿದೀನೋ ಇಲ್ವೋ ನಂಗೇ ಗೊತ್ತಿಲ್ಲ ಕಣೆ," ಎಂದ. ಹೇಳಿದರೆ ತಾಯಿ ಮಗ ದೂರ, ಹೇಳದಿದ್ದರೆ ಸತ್ತ ಅಪ್ಪನಿಂದಲೂ ಮಗ ದೂರ. ಅವಳು ಬಲಗೈ ಎತ್ತಿದಳು. "ಇದು ಸರೀನಾ ನೋಡಿ," ಎಂದಳು.

ಮರುಪರೀಕ್ಷೆಯಲ್ಲಿ ಬಿಳಿ ಕ್ರಾಪಿನ ಮುದುಕಿ ನೂರೆಂಟನ್ನೂ ನೋಡಲಿಲ್ಲ. ಅರ್ಧಕ್ಕೇ ಸಾಕೆಂದು ಕೈ ಮಾಡಿ, ಎದ್ದು ಬಂದು, ಅದೇ ಮಣಿಕಟ್ಟನ್ನು ಎತ್ತಿ ಬಿಟ್ಟಳು. ಕೈ ಬೀಳಲಿಲ್ಲ, ನಿಧಾನವಾಗಿ ಇಳಿಯಿತು. "ಯಾರು ಸಿಕ್ಕಿದ್ರು?" ಎಂದಳು.

"ನನ್ನ ಗಂಡ."

ಚಿಕಿತ್ಸೆಯ ಪರೀಕ್ಷೆಯಲ್ಲಿ ಬಿಂದುಗಳನ್ನು ತೋರಿಸಿದ್ದಾಯಿತು, ಬೇರುಗಳನ್ನು ಗುರುತಿಸಿದ್ದಾಯಿತು. ಕೊನೆಗೆ ಮುದುಕಿ ಪುಸ್ತಕ ಮುಚ್ಚಿ ಕೇಳಿದಳು: "ನಿಮ್ಮ ಮಾವನಿಗೆ ಲಕ್ವ ಹೊಡೆದ ದಿನ ಏನ್ ಮಾಡಿದ್ರಿ?"

ತಕ್ಷಣ ಆಸ್ಪತ್ರೆಗೆ ಒಯ್ದೆವು ಅನ್ನಬಹುದಿತ್ತು. ಮಾವನೇ ಬೇಡ ಅಂದರು ಅನ್ನಬಹುದಿತ್ತು. ಅದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಸೊಸೆ, "ಮಧ್ಯಾಹ್ನದ ತನಕ ಒತ್ತಿದೆ," ಎಂದಳು.

"ಅದು ಒತ್ತಿ ಹೋಗೋ ಕಾಯಿಲೆ ಅಲ್ಲ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು."

ವ್ಯಾನಿನಲ್ಲಿ ಗಂಡ ಕಾಯುತ್ತಿದ್ದ. ಅವಳು ಕಾಗದವನ್ನು ಅವನ ತೊಡೆಯ ಮೇಲಿಟ್ಟಳು. ಅವನು ಎರಡು ಸಲ ಓದಿದ. ನಗಲು ಹೋದವನಿಗೆ ನಗು ಬರಲಿಲ್ಲ. "ಯಾರಿಗೆ ಹೇಳೋಣ ಈಗ?" ಎಂದ. ಕಾಗದವನ್ನು ಮಡಿಸಿ ಅವಳ ಕೈಗೆ ಕೊಟ್ಟು, ಗಾಡಿ ಸ್ಟಾರ್ಟ್ ಮಾಡಿದ.

ಮನೆಯಲ್ಲಿ ಅತ್ತೆ ಕಾಗದವನ್ನು ಮೊಮ್ಮಗಳ ಕೈಯಲ್ಲಿ ಓದಿಸಿದರು. ವರಸೆಗಳ ಶಿಕ್ಷಕಿಯಾಗಿ ಮಾನ್ಯತೆ ನೀಡಲಾಗಿದೆ. ಚಿಕಿತ್ಸೆಗೆ ಅನುಮತಿ ಇಲ್ಲ. ಎರಡು ವರ್ಷದ ನಂತರ ಪುನಃ ಪರಿಶೀಲಿಸಲಾಗುವುದು.

"ಶಾಲೆ ಉಳೀತು," ಎಂದ ಮಗ. "ಮನೆ ಉಳೀತು."

"ಚಿಕಿತ್ಸೆ ಯಾಕೆ ಇಲ್ಲ?" ಒಂದು ವಾರದ ನಂತರ ಅತ್ತೆ ಸೊಸೆಯ ಜೊತೆ ಆಡಿದ ಮೊದಲ ಮಾತು ಅದು. "ಬಿಂದು ತಪ್ಪಿತಾ?"

"ಇಲ್ಲ ಅತ್ತೆ. ಅವತ್ತಿನ ವಿಷಯ ಕೇಳಿದ್ರು. ಮಧ್ಯಾಹ್ನದ ತನಕ ಒತ್ತಿದೆ ಅಂದೆ."

ಅತ್ತೆಯ ಮುಖ ಬಿಳಿಚಿತು. "ಒತ್ತು ಅಂದೋರು ಯಾರು ಅಂತ ಕೇಳಿದ್ರಾ?"

"ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೈ ನಂದೇ ಅಲ್ವಾ."

ಗಂಡ ಇಬ್ಬರನ್ನೂ ನೋಡಿದ. "ಏನು ಒತ್ತು ಅಂದೋರು? ಅಪ್ಪ ತಾನೇ ಆಸ್ಪತ್ರೆ ಬೇಡ ಅಂದಿದ್ದು?"

ಮೇಜಿನ ಮೇಲೆ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಆರುತ್ತಿದ್ದವು. ಅತ್ತೆ ಎರಡು ಕೈಯಲ್ಲೂ ಮೇಜಿನ ಅಂಚು ಹಿ‌ಡಿದು ನಿಧಾನವಾಗಿ ಕೂತರು. ಕಾಗದವನ್ನು ನೋಡುತ್ತಲೇ ಹೇಳಿದರು:

"ಒತ್ತು ಅಂದೋಳು ನಾನು. ಇವಳು ಚಮಚ ಬಿದ್ದ ಕೂಡ್ಲೇ ಆಸ್ಪತ್ರೆ ಅಂದ್ಲು. ನಾನು ಬೇಡ ಅಂದೆ."

"ಅಪ್ಪ?"

"ಅವರು ಏನಂತಾರೋ ಮಗನೇ. ಬಾಯೇ ಬಿದ್ದೋಗಿತ್ತಲ್ಲ."

ಗಂಡನ ಮುಖದಲ್ಲಿ ಏನೋ ಒಂದೊಂದೇ ಲೆಕ್ಕ ತಪ್ಪುತ್ತ ಹೋಗುವುದು ಸೊಸೆಗೆ ಕಂಡಿತು: ಅಪ್ಪನಿಗೆ ಅಂದ ಒಂದೊಂದು ಮಾತು, ಅದನ್ನು ಕೇಳಿಸಿಕೊಂಡು ಎದುರು ಮಾತಾಡಲಾಗದೆ ಕುರ್ಚಿಯಲ್ಲಿ ಕೂತಿದ್ದ ಮುದುಕ. "ಅಷ್ಟು ದಿನ ನಾನು ಬೈದೆನಲ್ಲಮ್ಮ," ಎಂದ ಬಹಳ ಮೆಲ್ಲಗೆ. "ನೀನು ಪಕ್ಕದಲ್ಲೇ ಕೂತು ಮೊಟ್ಟೆ ಸುಲೀತಿದ್ದೆ."

ಆಗ ಶಾಲೆಯ ಬಾಗಿಲು ಯಾರೋ ತಟ್ಟಿದರು. ಸಂಜೆಯ ಪಾಠಕ್ಕೆ ಹೊತ್ತಾಗಿತ್ತು. ಸೊಸೆ ಹೋಗಲೋ ಬೇಡವೋ ಎಂದು ನಿಂತಳು. ಯಾರೂ ಅವಳ ಕಡೆ ನೋಡಲಿಲ್ಲ. ಮಗಳ ಕೈ ಹಿಡಿದು ಹೋಗಿ ಚಿಲಕ ತೆಗೆದಳು.

ಏಳು ಜನ ಬಂದಿದ್ದರು: ವಾಚ್ ರಿಪೇರಿಯವನು, ಇಬ್ಬರು ಟೈಲರುಗಳು, ಒಬ್ಬ ನರ್ಸು, ಶಾಲೆಗೆ ಹೋಗುವ ಮೂವರು ಹುಡುಗಿಯರು. ಸುದ್ದಿ ಆಗಲೇ ಮುಟ್ಟಿತ್ತು. ಎರಡು ಸಾಲಾಗಿ ನಿಂತು ಅವಳಿಗೆ ತಲೆ ಬಾಗಿಸಿದರು. ಅವಳು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಂದು ಗಳಿಗೆ ಒದ್ದಾಡಿ, ಕೊನೆಗೆ ಮುಂದೆ ಹೋಗಿ ನಿಂತಳು. ಕಾಲು ಅಗಲಿಸಿ, ಮಂಡಿ ಸಡಿಲಿಸಿ, ಉಸಿರು ಕೆಳಗಿಳಿಸಿದಳು. ಏಳು ಜನವೂ ಹಾಗೇ ಮಾಡಿದರು.

ಗೋಡೆಯ ಆಚೆ ತಟ್ಟೆಯೊಂದು ನೆಲಕ್ಕೆ ಬಿತ್ತು. ಗಂಡಸಿನ ಅಳು ಕೇಳಿಸಿತು. ಅತ್ತು ಅಭ್ಯಾಸವಿಲ್ಲದವನ, ಕೆಮ್ಮಿನಂಥ ಅಳು. ಅದರ ಮೇಲೆ ಅತ್ತೆಯ ದನಿ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಏನೆಂದು ತಿಳಿಯಲಿಲ್ಲ.

ಮುಂದಿನ ಸಾಲಿನ ಹುಡುಗಿ ಗಾಬರಿಯಾಗಿ ಗೋಡೆಯ ಕಡೆ ತಿರುಗಿದಳು. ಟೈಲರುಗಳೂ ತಿರುಗಿದರು. ಸೊಸೆಗೆ ತನ್ನ ಕಾಲೇ ಆ ಕಡೆ ಎಳೆಯುತ್ತಿತ್ತು. ಅವಳು ಅದನ್ನು ನೆಲಕ್ಕೆ ಒತ್ತಿ ನಿಲ್ಲಿಸಿದಳು. ಎರಡು ಕೈಗಳನ್ನೂ ಮುಂದಕ್ಕೆ ಏಳಲು ಬಿಟ್ಟಳು.

"ಕಣ್ಣು ಮುಂದೆ ಇರ್ಲಿ," ಎಂದಳು.